ಕಾಲು ನೋಡುವ ಊರು

ನಲವತ್ತೆಂಟನೆಯ ವಯಸ್ಸಿಗೆ ನಾನು ದಣಿದುಹೋಗಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಮ್ಮ ಆತಗೂರಿನವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು, ಒಬ್ಬರೂ ನಂಬಲಿಲ್ಲ. ಲಂಡನ್ನಿನಲ್ಲಿ ಓದಿದವನು, ಜಿನೀವಾದಲ್ಲಿ ಕೂತು ದೇಶದೇಶಗಳ ವ್ಯಾಪಾರದ ವರದಿ ಬರೆದವನು, ನ್ಯೂಯಾರ್ಕು ರಂಗೂನುಗಳಲ್ಲಿ ಹಣವಂತರಿಗೆ ಹಣ ಎಲ್ಲಿ ಹೂಡಬೇಕೆಂದು ಬುದ್ಧಿ ಹೇಳಿದವನು, ಬರೀ ದಣಿವಾಯಿತೆಂದು ಊರಿಗೆ ಬಂದು ಜಗಲಿಯ ಮೇಲೆ ಕೂರುತ್ತಾನೆಯೇ? ಒಳಗೆ ಏನೋ ಸಮಾಚಾರ ಇದೆ ಎಂದು ಅವರ ಅನುಮಾನ.

ನನ್ನ ಕಸುಬು ಕೇಳುವುದಕ್ಕೆ ದೊಡ್ಡದು, ಮಾಡುವುದಕ್ಕೆ ಅಷ್ಟೇನಲ್ಲ. ಶುಭ್ರವಾದ ಅಂಗಿ ಹಾಕಿಕೊಳ್ಳಬೇಕು, ನಾಳೆ ಏನಾಗುತ್ತದೆ ಎಂದು ಇವತ್ತು ಗಂಭೀರವಾಗಿ ಹೇಳಬೇಕು. ಹೇಳಿದ್ದು ಆದರೆ ಸಂಬಳ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಇನ್ನೂ ಗಂಭೀರವಾಗಿ ಬರೆದುಕೊಡಬೇಕು, ಅದಕ್ಕೂ ಸಂಬಳ. ನ್ಯೂಯಾರ್ಕಿನಲ್ಲಿ ನಾನಿದ್ದ ಮನೆಯ ಯಜಮಾನಿ ಒಬ್ಬ ವಿಧವೆ. ಊಟದ ಹೊತ್ತಿನಲ್ಲಿ ನಾನು ಆಡಿದ ಮಾತು ಕೇಳಿ ತಾಮ್ರದ ಗಣಿಯ ಷೇರು ಕೊಂಡಿದ್ದಳು. ಇಪ್ಪತ್ತೊಂಬತ್ತನೆಯ ಇಸವಿಯ ಅಕ್ಟೋಬರಿನಲ್ಲಿ ಅದು ಕಾಗದವಾಯಿತು. ಮಾರನೆಯ ಬೆಳಿಗ್ಗೆ ಆಕೆ ಎಂದಿನಂತೆ ನನಗೆ ಮೊಟ್ಟೆ ಬೇಯಿಸಿ ತಂದಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಂಗೂನಿನ ಕಥೆ ಮಾತ್ರ ಊರಿಗೆಲ್ಲ ಗೊತ್ತು. ಅಲ್ಲಿ ನನ್ನ ಆಫೀಸಿನಲ್ಲಿ ಸೋಮನಹಳ್ಳಿಯ ಹೊನ್ನಯ್ಯ ಎಂಬ ಗುಮಾಸ್ತ ಇದ್ದ. ನಲವತ್ತೆರಡರ ಜನವರಿಯಲ್ಲಿ, ಜಪಾನಿನವರ ಬಾಂಬು ಆಗಲೇ ಬಿದ್ದಿತ್ತು, ಅವನು ನನ್ನ ಮೇಜಿನ ಮುಂದೆ ಬಂದು ನಿಂತು, "ಸಾರ್, ಹೆಂಡತಿಯನ್ನು ಊರಿಗೆ ಕಳಿಸಿಬಿಡಲೇ?" ಎಂದು ಕೇಳಿದ. ರಂಗೂನು ಯಾಕೆ ಬೀಳುವುದಿಲ್ಲ ಎಂದು ನಾನು ಅವನಿಗೆ ನಕ್ಷೆ ಬಿಡಿಸಿ ತೋರಿಸಿದೆ. ಮೂರು ವಾರಕ್ಕೆ ಕಂಪನಿ ನನಗೆ ಹಡಗಿನ ಟಿಕೇಟು ಕೊಟ್ಟಿತು. ನಾನು ಹಡಗು ಹತ್ತಿದೆ. ಹೊನ್ನಯ್ಯ ಹೆಂಡತಿಯ ಜೊತೆ ಕಾಡುದಾರಿಯಲ್ಲಿ ನಡೆದ. ಅರ್ಧ ದಾರಿಯಲ್ಲಿ ಆಕೆ ವಾಂತಿಭೇದಿ ಬಂದು ಸತ್ತಳು. ಅವನೊಬ್ಬನೇ ಸೋಮನಹಳ್ಳಿಗೆ ಬಂದ. ಈಗಲೂ ಮದ್ದೂರಿನಲ್ಲಿ ಎದುರಾದರೆ ಮೊದಲು ಕೈ ಮುಗಿಯುವವನು ಅವನೇ. ಅವನು ಯಾರ ಮುಂದೆಯೂ ನನ್ನನ್ನು ದೂರಿದವನಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ, ಅಷ್ಟೆ.

ಅಷ್ಟು ಸಾಕಾಯಿತು. ಊರು ನನ್ನ ಬಗ್ಗೆ ಹೀಗೆ ಆಡಿಕೊಂಡಿತು: ಚಲುವರಾಜು ಬಾಯಲ್ಲಿ ಇರು ಅಂದ, ಕಾಲಲ್ಲಿ ಹೊರಟ. ಅವನಿಗೆ ಎಲ್ಲಾ ಗೊತ್ತಿರುತ್ತದೆ, ಬಾಯಿ ಬಿಡುವುದಿಲ್ಲ. ಅವನ ಮಾತು ಕೇಳಬಾರದು, ಅವನೇನು ಮಾಡುತ್ತಾನೆ ಅದನ್ನು ನೋಡಿಕೊಂಡು ಮಾಡಬೇಕು. ಆತಗೂರಿನಿಂದ ಮದ್ದೂರಿನವರೆಗೆ ಇದೊಂದು ಪದ್ಧತಿಯೇ ಆಗಿಹೋಯಿತು.

ನಾನು ಊರಿಗೆ ಬಂದ ಮಾರನೆಯ ವರ್ಷ ನಮ್ಮ ಅಕ್ಕ ದೇವಿರಮ್ಮನಿಗೆ ಮಂಡಿನೋವು ಶುರುವಾಯಿತು. ಕೂತು ಹಾಲು ಕರೆಯಲಾಗುವುದಿಲ್ಲ ಎಂದಳು. ಸರಿ, ಎಮ್ಮೆಯನ್ನು ಮದ್ದೂರು ಸಂತೆಗೆ ಹೊಡೆಸಿ ಮಾರಿಸಿದೆ. ಎರಡು ವಾರದಲ್ಲಿ ಊರಿನ ಹನ್ನೊಂದು ಎಮ್ಮೆ ಸಂತೆಗೆ ಹೋದವು. ಎಲ್ಲರೂ ಒಟ್ಟಿಗೆ ಹೊಡೆದುಕೊಂಡು ಹೋದದ್ದಕ್ಕೆ ಬೆಲೆ ನೆಲಕ್ಕೆ ಬಿತ್ತು. ಯುದ್ಧದ ಕಾಲ ಬೇರೆ, ಆಮೇಲೆ ತುಪ್ಪದ ಬೆಲೆ ಏರಿದ ಹಾಗೆಲ್ಲ ಪಕ್ಕದ ಮನೆ ಚಿಕ್ಕಬೋರಯ್ಯ ನಮ್ಮ ಜಗಲಿಗೆ ಬಂದು ಜಗಳ ತೆಗೆದ.

"ನೀನ್ಯಾಕಪ್ಪ ಮಾರ್ದೆ?"

"ಅಕ್ಕಂಗೆ ಮಂಡಿನೋವು ಕಣಣ್ಣ."

"ಅದ್ನ ಅವತ್ತೇ ಯೋಳ್ಬಾರ್ದಿತ್ತಾ? ಎಮ್ಮೆಗಳಿಗೆ ಏನೋ ರೋಗ ಬತ್ತದೆ, ನಿಂಗೆ ಕಾಗ್ದ ಬಂದದೆ ಅಂದ್ಕಂಡೋ!"

ಅವತ್ತೂ ಹೇಳಿದ್ದೆ. ನಾಲ್ಕು ಜನರ ಮುಂದೆ ಹೇಳಿದ್ದೆ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅಂದಿನಿಂದ ನಾನು ಒಂದು ಮೂಟೆ ಉಪ್ಪು ತರಬೇಕಾದರೂ ಹಿಂದೆ ಮುಂದೆ ನೋಡುವವನಾದೆ. ಲೋಕದ ಮಾರುಕಟ್ಟೆಗಳನ್ನು ಬಿಟ್ಟು ಬಂದರೆ ನಮ್ಮ ಜಗಲಿಯೇ ಮಾರುಕಟ್ಟೆಯಾಗಿತ್ತು.

ಇವರೆಲ್ಲರ ನಡುವೆ ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದವನು ಹಮೀದ್ ಒಬ್ಬನೇ. ಮದ್ದೂರಿನ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತವರು. ಪೇಟೆಯ ಕೊನೆಯಲ್ಲಿ ಅವನದೊಂದು ರಿಪೇರಿ ಅಂಗಡಿ. ನಾಲೆ ಬಂದು ಕಬ್ಬು ಹೆಚ್ಚಿದ ಮೇಲೆ ಸುತ್ತಲಿನ ಆಲೆಮನೆಗಳಲ್ಲಿ ಕಬ್ಬಿಣದ ಗಾಣ ಕೆಟ್ಟರೆ ಜನ ಅವನನ್ನೇ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅವನು ಹೋದವನೇ ಏನನ್ನೂ ಬಿಚ್ಚುತ್ತಿರಲಿಲ್ಲ. ಎತ್ತು ಹೂಡಿಸಿ ಗಾಣ ತಿರುಗಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಬೀಡಿ ಮುಗಿಯುವ ತನಕ ನೋಡುತ್ತಿದ್ದ. ಆಮೇಲೆ ಬೆರಳಿಟ್ಟು ತೋರಿಸಿದ ಕಡೆಯೇ ಕಾಯಿಲೆ ಇರುತ್ತಿತ್ತು. ಅಂಗಡಿಯಲ್ಲಿ ಕಬ್ಬಿಣ ಕಡೆಯುವ ಒಂದು ಹಳೆಯ ಲೇತ್ ಯಂತ್ರ ಇತ್ತು, ಅವನ ಅಪ್ಪ ಬಾಬು ಜಾನ್ ಕೋಲಾರದ ಗಣಿಯ ಹರಾಜಿನಲ್ಲಿ ತಂದದ್ದು. ಅದೇ ಅವನ ಹೊಲ, ಅದೇ ಅವನ ಗದ್ದೆ. ಮಂಡ್ಯಕ್ಕೋ ಮದ್ದೂರಿಗೋ ಹೋದಾಗಲೆಲ್ಲ ನಾನು ಆ ಅಂಗಡಿಯ ಸ್ಟೂಲಿನ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದೆ. ಅವನು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆ ಒಂದು ಗಂಟೆ ನನಗೆ ಎಷ್ಟು ಹಾಯೆನಿಸುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ.

ನಲವತ್ತೇಳರ ಜೂನಿನಲ್ಲಿ ಅವನೂ ಕೇಳಿದ.

ದೇಶ ಎರಡಾಗುತ್ತದೆ ಎಂದು ರೇಡಿಯೋದಲ್ಲಿ ಬಂದು ಹತ್ತು ದಿನ ಆಗಿತ್ತು. ಮದ್ದೂರಿನಲ್ಲಿ ಗಲಾಟೆ ಇರಲಿಲ್ಲ, ಯಾರೂ ಯಾರನ್ನೂ ಏನೂ ಅಂದಿರಲಿಲ್ಲ. ಆದರೆ ಹಮೀದನ ಹೆಂಡತಿ ಫಕ್ರುನ್ನೀಸಾ ಮಳವಳ್ಳಿಯವಳು. ಅವಳ ತಮ್ಮ ವಾಜಿದ್ ಯುದ್ಧದಲ್ಲಿ ಸೈನ್ಯದ ಲಾರಿ ರಿಪೇರಿಗೆ ಸೇರಿ ಕರಾಚಿಯಲ್ಲೇ ಉಳಿದಿದ್ದ. ಅವನ ಕಾಗದ ಬಂದಿತ್ತು.

"ರೈಲ್ವೆ ವರ್ಕ್‌ಷಾಪಲ್ಲಿ ಜಾಗ ಅದೆಯಂತೆ. ಕೈಗೆಲಸ ಗೊತ್ತಿರೋರು ಬೇಕಂತೆ, ಈಗ್ಲೇ ಬಂದ್ಬುಡು ಅಂತವ್ನೆ," ಎಂದ ಹಮೀದ್, ಅರ ಉಜ್ಜುತ್ತಲೇ. "ಏನ್ಲಾ ಮಾಡ್ಲಿ?"

ಒಳಬಾಗಿಲ ಪರದೆಯ ಹಿಂದೆ ಫಕ್ರುನ್ನೀಸಾ ನಿಂತಿರುವುದು ನನಗೆ ಗೊತ್ತಾಯಿತು.

ನಾನು ಅರ್ಧ ಗಂಟೆ ಮಾತಾಡಿದೆ. ಹೊಸ ದೇಶದ ಬಂದರು, ಅದರ ಆದಾಯ, ಅದರ ನಾಣ್ಯ ನಿಲ್ಲುವುದಕ್ಕೆ ಹಿಡಿಯುವ ಕಾಲ. ಇಲ್ಲಿ ವರ್ಷವರ್ಷಕ್ಕೆ ಹೆಚ್ಚುತ್ತಿರುವ ಕಬ್ಬು, ಮೂವತ್ತು ವರ್ಷದಿಂದ ಕಟ್ಟಿದ ಗಿರಾಕಿ, ಗೊತ್ತಿರುವ ಮುಖ. ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ. ಲಂಡನ್ನಿನಲ್ಲಾಗಿದ್ದರೆ ಆ ಅರ್ಧ ಗಂಟೆಗೆ ಐದು ಗಿನಿ ಸಿಗುತ್ತಿತ್ತು. ಕೊನೆಗೆ, "ಹೋಗಬೇಡ," ಎಂದೆ.

ಹಮೀದ್ ಅರ ಕೆಳಗಿಟ್ಟ.

"ಚೆಂದಾಗಿ ಯೋಳ್ದೆ. ಹೊನ್ನಯ್ಯಂಗೂ ಇಂಗೇ ಚೆಂದಾಗಿ ಯೋಳಿದ್ದಂತೆ."

ಅವನು ಅದನ್ನು ಹಂಗಿಸಿ ಅಂದದ್ದಲ್ಲ.

"ನಿಂಗೆ ಅಮೆರಿಕದಿಂದ ಕಾಗ್ದ ಬಂದದೆ, ಪೋಸ್ಟ್‌ಮನ್ ಮರಿಸಿದ್ದಯ್ಯ ಅಂದ," ಎಂದು ಅವನೇ ಮುಂದುವರಿಸಿದ. "ಕರೀತಾವ್ರಾ?"

ಹೌದು, ಕರೆಯುತ್ತಿದ್ದರು. ನನ್ನ ಹಳೆಯ ಕಂಪನಿ ನ್ಯೂಯಾರ್ಕಿನಲ್ಲಿ ಮತ್ತೆ ಬಾಗಿಲು ತೆರೆದಿತ್ತು. ಏಷ್ಯಾದ ಹೊಸ ದೇಶಗಳಲ್ಲಿ ಹಣ ಹೂಡುವವರಿಗೆ ಸಲಹೆ ಹೇಳಲು ಆಳು ಬೇಕಿತ್ತು. ಆಗಸ್ಟ್ ಮುಗಿಯುವುದರೊಳಗೆ ಬಾ ಎಂದು ಬರೆದಿದ್ದರು. ಕಾಗದ ಆ ಹೊತ್ತಿನಲ್ಲಿ ನನ್ನ ಜೇಬಿನಲ್ಲೇ ಇತ್ತು.

"ಕರೀತಾವ್ರೆ. ನೋಡಾಣ," ಎಂದೆ.

"ನೀನು ನೋಡು. ನಾನು ನಿನ್ನ ನೋಡ್ತೀನಿ. ನೀನಿದ್ರೆ ನಾನೂ ಇರ್ತೀನಿ, ನೀನು ಹೊಂಟ್ರೆ ನಾನೂ ಹೊಂಟೆ. ಬೇರೆ ಮಾತು ಬ್ಯಾಡ ಕಣ್ಲಾ."

ನಾನು ಹೊರಡುವಾಗ ಫಕ್ರುನ್ನೀಸಾ ಬಾಗಿಲ ತನಕ ಬಂದಳು. ಎಂದೂ ಹಾಗೆ ಬಂದವಳಲ್ಲ. "ಅಣ್ಣಾ, ನಂಗೆ ಓಗಕ್ಕೆ ಇಷ್ಟ ಇಲ್ಲ. ತಮ್ಮ ಅಲ್ಲವ್ನೆ, ನಿಜ. ಅಮ್ಮ ಮಳವಳ್ಳೀಲಿ ಹಾಸಿಗೆ ಹಿಡ್ದವ್ರೆ. ನೀವು ಇಲ್ಲೇ ಇದ್ಬುಡಿ, ಅವ್ರೂ ಇರ್ತಾರೆ," ಎಂದಳು. ಇದ್ದುಬಿಡುವುದೆಂದರೆ ಒಂದು ಲೋಟ ನೀರು ಕೊಟ್ಟಷ್ಟೇ ಸುಲಭ ಎಂಬಂತೆ ಕೇಳಿದಳು.

ಆರು ವಾರ ನಾನು ತೂಗಿದೆ. ನನ್ನ ಮೇಲೆ ನನಗೇ ಸಿಟ್ಟು ಬರುವಷ್ಟು ತೂಗಿದೆ. ಬೇಡ ಎನ್ನುವುದಕ್ಕೆ ನನಗೆ ಕಾರಣ ಬೇಕಾಗಿರಲಿಲ್ಲ. ಮತ್ತೆ ಆ ಮೇಜು, ಆ ನಕ್ಷೆ, ಮುಂದೆ ಕೂತು ನನ್ನ ಬಾಯಿ ನೋಡುವ ಮುಖಗಳು ಎಂದು ನೆನೆದರೆ ಸಾಕು, ಮೈ ಭಾರವಾಗುತ್ತಿತ್ತು. ಆದರೆ ಬಾಗಿಲು ಪೂರ್ತಿ ಮುಚ್ಚಿಬಿಡುವುದು ನಮ್ಮ ಕಸುಬಿನವರ ಸ್ವಭಾವವಲ್ಲ.

"ಓಗಂಗಿದ್ರೆ ಓಗು, ಇರಂಗಿದ್ರೆ ಇರು. ಊಟದ್ ಮುಂದೆ ಕೂತ್ಕಂಡು ಇಂಗೆ ಮುದ್ದೆ ಮುರೀತಾ ಇರ್ಬ್ಯಾಡ, ಆರೋಯ್ತದೆ," ಎಂದಳು ಅಕ್ಕ.

ಜುಲೈ ಕೊನೆಯ ವಾರ ತೀರ್ಮಾನ ಮಾಡಿದೆ. ಹಮೀದನಿಗಾಗಿ ಉಳಿದೆ ಎಂದರೆ ಸುಳ್ಳು. ಹಮೀದನಿಗಾಗಿ ಉಳಿಯಲಿಲ್ಲ ಎಂದರೆ ಅದೂ ಸುಳ್ಳು. ಮದ್ದೂರಿನ ಅಂಚೆ ಕಚೇರಿಗೆ ಹೋಗಿ ನ್ಯೂಯಾರ್ಕಿಗೆ ತಂತಿ ಕೊಟ್ಟೆ: ಸದ್ಯಕ್ಕೆ ಬರಲಾಗುವುದಿಲ್ಲ, ವಿಷಾದ. ತಂತಿಯ ಫಾರಂ ಬರೆಯುವಾಗ 'ಸದ್ಯಕ್ಕೆ' ಎನ್ನುವುದು ತಾನಾಗಿ ಬಂತು. ಹೊಡೆದುಹಾಕೋಣ ಎಂದುಕೊಂಡೆ, ಹಾಕಲಿಲ್ಲ. ಮರ್ಯಾದೆಗೆ ಇರಲಿ ಎಂದು ಸಮಾಧಾನ ಹೇಳಿಕೊಂಡೆ.

ಅಲ್ಲಿಂದ ಹಮೀದನ ಅಂಗಡಿ ಇನ್ನೂರು ಹೆಜ್ಜೆ. ಹೋಗಿ ಒಂದು ಮಾತು ಹೇಳಬಹುದಿತ್ತು. ಹೋಗಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸ ಇದೆ: ವ್ಯವಹಾರ ಮುಗಿಯಿತು ಎಂಬ ಕಾಗದ ಕೈಗೆ ಬರುವ ತನಕ ಹೆಂಡತಿಗೂ ಬಾಯಿ ಬಿಡುವುದಿಲ್ಲ. ಇಪ್ಪತ್ತೈದು ವರ್ಷ ಹಾಗೆ ಬದುಕಿದವನಿಗೆ ಅದು ರಕ್ತದಲ್ಲೇ ಸೇರಿಹೋಗಿರುತ್ತದೆ. ನ್ಯೂಯಾರ್ಕಿನ ಉತ್ತರ ಬರಲಿ, ಆಮೇಲೆ ಹೇಳಿದರಾಯಿತು. ಅಲ್ಲದೆ ಆಗ ರಂಜಾನ್ ತಿಂಗಳು. ಉಪವಾಸದ ತಿಂಗಳಲ್ಲಿ, ಹಬ್ಬ ಮುಗಿಯುವ ಮುಂಚೆ, ಯಾವ ಸಾಬರು ಸಂಸಾರ ಕಟ್ಟಿಕೊಂಡು ಹೊರಡುತ್ತಾರೆ? ಇನ್ನೂ ಎರಡು ಮೂರು ವಾರ ಸಮಯ ಇದೆ ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕಗಳು ಯಾವಾಗಲೂ ಹೀಗೆಯೇ, ಕಾಗದದ ಮೇಲೆ ತಪ್ಪಿರುವುದಿಲ್ಲ.

ಅದೇ ವಾರ ಅಟ್ಟದ ಮೇಲಿದ್ದ ನನ್ನ ಚರ್ಮದ ಪೆಟ್ಟಿಗೆಗೆ ಗೆದ್ದಲು ಹತ್ತಿತೆಂದು ಅಕ್ಕ ಅದನ್ನು ಇಳಿಸಿ, ಒರೆಸಿ, ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಇಟ್ಟಳು. ಲಂಡನ್ನು, ರಂಗೂನು ಎಂದು ಚೀಟಿ ಅಂಟಿಸಿಕೊಂಡಿದ್ದ ಪೆಟ್ಟಿಗೆ. ಬೀದಿಯಲ್ಲಿ ಹೋಗುವವರೆಲ್ಲ ನೋಡಿಕೊಂಡು ಹೋದರು. ನಾನೂ ಜಗಲಿಯ ಮೇಲೆ ಕೂತು ಅವರು ನೋಡುವುದನ್ನು ನೋಡಿದೆ. ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ. ನನಗೆ ಅಷ್ಟು ದಣಿವಾಗಿತ್ತು.

ಆಗಸ್ಟ್ ಐದನೆಯ ತಾರೀಕು ಬೆಳಿಗ್ಗೆ ಚಿಕ್ಕಬೋರಯ್ಯ ಬಂದು ಜಗಲಿಯ ಅಂಚಿನಲ್ಲಿ ಕೂತ.

"ಯಾವತ್ತಪ್ಪ ಪಯಣ?"

"ಯಾರ್ದು?"

"ನಿಂದೇ. ಅಮೆರಿಕಕ್ಕೆ ತಂತಿ ಕೊಟ್ಟು ಪೆಟ್ಟಿಗೆ ಒಣಗಾಕಿದ್ದೀಯ. ಊರೇ ಮಾತಾಡ್ತದೆ. ಅಮೀದ ಅಂತೂ ಲೇತನ್ನ ಚನ್ನಪಟ್ಟಣದ ಸೇಟುಗೆ ಕೊಟ್ಬುಟ್ಟ. ಇವತ್ತು ಬೆಂಗ್ಳೂರು ರೈಲಿಗೆ ಓಯ್ತವ್ನಂತಲ್ಲ, ನಿಂಗೊತ್ತಿಲ್ವಾ?"

ನಾನು ಅಂಗಿಯ ಗುಂಡಿ ಕೂಡ ಹಾಕಿಕೊಳ್ಳದೆ ಸೈಕಲ್ ಹತ್ತಿದೆ. ಆತಗೂರಿನಿಂದ ಮದ್ದೂರಿನ ದಾರಿಯಲ್ಲಿ ಎಷ್ಟು ಹಳ್ಳ ಇವೆ ಎಂಬುದು ನನಗೆ ಅವತ್ತು ಗೊತ್ತಾಯಿತು. ಎದುರಿಗೆ ಬಂದವರು ಪಕ್ಕಕ್ಕೆ ನಿಂತು ನೋಡಿದರು. ನೋಡಿಕೊಳ್ಳಲಿ ಎಂದು ತುಳಿದೆ. ಏದುಸಿರು ಬಂದು ಎರಡು ಕಡೆ ಇಳಿಯಬೇಕಾಯಿತು. ಒಂದು ಮಾತು, ಇನ್ನೂರು ಹೆಜ್ಜೆ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತ ನೂಕಿಕೊಂಡು ಹೋದೆ.

ಸ್ಟೇಷನ್ನಿನಲ್ಲಿ ಅವರಿದ್ದರು. ಎರಡು ತಗಡಿನ ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಗೋಣಿಯಲ್ಲಿ ಸುತ್ತಿದ ಸಾಮಾನು. ಹಮೀದ್ ಒಗೆದ ಷರಾಯಿ ಹಾಕಿಕೊಂಡು ನಿಂತಿದ್ದ. ಕೈಯಲ್ಲಿ ಗ್ರೀಸು ಇರಲಿಲ್ಲ. ಅವನ ಕೈ ಅಷ್ಟು ಶುಭ್ರವಾಗಿದ್ದದ್ದನ್ನು ನಾನು ನೋಡಿದ್ದೇ ಇಲ್ಲ. ಬುರ್ಖಾ ಹಾಕಿದ ಫಕ್ರುನ್ನೀಸಾ ಪೆಟ್ಟಿಗೆಯ ಮೇಲೆ ಕೂತಿದ್ದಳು.

"ಕಳಿಸಕ್ಕೆ ಬಂದೇನ್ಲಾ?" ಎಂದ ಹಮೀದ್, ಸಂತೋಷವಾಗಿ. "ನೀನ್ಯಾವತ್ತು ಹೊಂಡೋದು?"

"ನಾನು ಓಗಲ್ಲ ಕಣ್ಲಾ. ಬರಕ್ಕಾಗಲ್ಲ ಅಂತ ತಂತಿ ಕೊಟ್ಟು ಎಂಟು ದಿನ ಆಯ್ತು."

ಫಕ್ರುನ್ನೀಸಾ ಎದ್ದು ನಿಂತಳು. ಹಮೀದನ ಮುಖದ ನಗು ಇನ್ನೂ ಹಾಗೇ ಇತ್ತು, ಅದನ್ನು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

"ಅದ್ನ ನಂಗ್ಯಾಕ್ಲಾ ಯೋಳ್ಲಿಲ್ಲ?"

"ಉತ್ರ ಬರ್ಲಿ ಅಂತಿದ್ದೆ."

"ಬಂತಾ?"

"ಇಲ್ಲ."

"ಏನಂತ ಬರ್ದೆ ತಂತೀಲಿ? ಸರ್ಯಾಗಿ ಯೋಳು."

"ಸದ್ಯಕ್ಕೆ ಬರಕ್ಕಾಗಲ್ಲ ಅಂತ."

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ, ಕೆಟ್ಟ ಗಾಣವನ್ನು ನೋಡುವ ಹಾಗೆ. "ಸದ್ಯಕ್ಕೆ," ಎಂದ. ಅದರಲ್ಲಿ ಬೈಗುಳ ಇರಲಿಲ್ಲ. ಬೆರಳಿಡಬೇಕಾದ ಕಡೆ ಬೆರಳಿಟ್ಟಿದ್ದ, ಅಷ್ಟೆ.

"ಅಣ್ಣ ಓಗಲ್ವಂತಲ್ಲ, ನಡೀರಿ ಮನೆಗೆ," ಎಂದು ಫಕ್ರುನ್ನೀಸಾ ಹಾಸಿಗೆ ಸುರುಳಿಗೆ ಕೈ ಹಾಕಿದಳು.

"ಯಾವ್ ಮನೆಗೆ? ಮನೆ ಬುಟ್ಟುಕೊಟ್ಟಾಯ್ತು. ಲೇತಿನ ದುಡ್ಡೆಲ್ಲ ಸಾಲಕ್ಕೂ ಟಿಕೇಟಿಗೂ ಹೋಯ್ತು. ಬರೀ ಕೈ ಇಟ್ಕಂಡು ಅಂಗಡೀಲಿ ಏನ್ ಮಾಡ್ಲಿ?" ಅವನು ಅವಳ ಮೇಲೆ ರೇಗಿದ. ನನ್ನ ಮೇಲೆ ರೇಗಬೇಕಾದದ್ದು ಅವಳ ಮೇಲೆ ರೇಗಿದ. ಚನ್ನಪಟ್ಟಣಕ್ಕೆ ನಾನೇ ಹೋಗಿ ಲೇತನ್ನು ಬಿಡಿಸಿಕೊಡುತ್ತೇನೆ, ನನ್ನ ಹತ್ತಿರ ಹಣ ಇದೆ ಎಂದೆ. ಅವನು ತಲೆಯಾಡಿಸಿದ. ಸೇಟು ಅದನ್ನು ಆಗಲೇ ಸೇಲಂ ಕಡೆಯವನಿಗೆ ಮಾರಿ ಲಾರಿಗೆ ಏರಿಸಿದ್ದನಂತೆ. ವಾಜಿದ್ ಅಲ್ಲಿ ಜಾಗ ಹಿಡಿದು ಕಾಯುತ್ತಿದ್ದನಂತೆ.

ರೈಲು ಬಂತು. ಸಾಮಾನು ಏರಿಸಿದೆವು. ಒಂದು ಪೆಟ್ಟಿಗೆ ನಾನೇ ಎತ್ತಿಕೊಟ್ಟೆ. ಫಕ್ರುನ್ನೀಸಾ ಕಿಟಕಿಯ ಹತ್ತಿರ ಕೂತು ಮುಖದ ಮೇಲೆ ಪರದೆ ಎಳೆದುಕೊಂಡಳು, ಮತ್ತೆ ನನ್ನ ಕಡೆ ನೋಡಲಿಲ್ಲ. ಹಮೀದ್ ಬಾಗಿಲಲ್ಲಿ ನಿಂತ.

"ಇಗೋ, ಈಗ್ಲಾದ್ರೂ ಯೋಳ್ಲಾ," ಎಂದ. ದನಿ ಇಳಿದಿತ್ತು. ಸ್ಕೂಲಿನಲ್ಲಿ ಲೆಕ್ಕ ಬಾರದೆ ನನ್ನ ಕಡೆ ತಿರುಗಿದಾಗ ಹೀಗೇ ಕೇಳುತ್ತಿದ್ದ. "ಅಲ್ಲಿ ನಮ್ಗೆ ಒಳ್ಳೇದಾಯ್ತದಾ?"

ಬಾಯಿಗೆ ಮಾತು ಬಂತು, ಬಾರದೆ ಏನು? ದೊಡ್ಡ ಬಂದರು, ರೈಲ್ವೆ, ಕೈಗೆಲಸದವರಿಗೆ ಬೇಡಿಕೆ. ಮೂರು ವಾಕ್ಯ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತವು. ಸಮಾಧಾನಕ್ಕಾದರೂ ಹೇಳಬಹುದಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಕಣ್ಲಾ," ಎಂದೆ. "ನಂಗೇನೂ ಗೊತ್ತಿಲ್ಲ. ಆವತ್ತೂ ಗೊತ್ತಿರ್ಲಿಲ್ಲ."

ಇಷ್ಟು ದೇಶ ತಿರುಗಿ, ಇಷ್ಟು ಜನರ ಮುಂದೆ ಕೂತು, ಆ ಮಾತನ್ನು ನಾನು ಒಬ್ಬರಿಗೂ ಅಂದವನಲ್ಲ. ಗಾರ್ಡು ಶಿಳ್ಳೆ ಊದಿದ. ಹಮೀದ್ ಬಾಗಿಲ ಸರಳನ್ನು ಹಿಡಿದುಕೊಂಡು ಬಗ್ಗಿದ.

"ಇದ್ನ ಜೂನ್‌ನಲ್ಲೇ ಅಂದಿದ್ರೆ ನಾನು ಎಲ್ಗೂ ಓಯ್ತಿರ್ಲಿಲ್ಲ ಕಣ್ಲಾ," ಎಂದ. "ನಿಂಗೇನೋ ಗೊತ್ತದೆ, ನಂಗೆ ಯೋಳ್ದೆ ಮಡಿಕ್ಕಂಡಿದ್ದೀಯ, ಅಂತಲ್ವಾ ನಾನು ಹೆದ್ರಿ ಹೊಂಟಿದ್ದು."

ಗಾಡಿ ಚಲಿಸಿತು. ಸ್ವಲ್ಪ ದೂರ ಜೊತೆಯಲ್ಲಿ ನಡೆದೆ, ಆಮೇಲೆ ನಡೆಯಲಾಗಲಿಲ್ಲ. ಜನ ನೋಡುತ್ತಿದ್ದರು. ನಾನು ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಅತ್ತೆ.